ನೂರು ತುಂಬದ ಪಾಲು

ತಿಂಗಳ ಕೊನೆಯ ಶನಿವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಒಂದು ಜಗಳ ಇರುತ್ತಿತ್ತು. ಎಷ್ಟೋ ವರ್ಷ ನಾನದನ್ನು ಅಡುಗೆಮನೆಯಿಂದಲೇ ಕೇಳಿದ್ದೇನೆ. ಹೊಸಬರು ಯಾರಾದರೂ ಗೇಟಿನ ಹತ್ತಿರ ನಿಂತು ಕೇಳಿದರೆ ಒಳಗೆ ಬರಲು ಹೆದರಬೇಕು, ಅಷ್ಟು ಜೋರು ದನಿ. ಮಾತು ಮಾತ್ರ ಲೋಕದ ಜಗಳಗಳಿಗೆಲ್ಲ ಪೂರಾ ಉಲ್ಟಾ.

"ನೀ ತಕೋ ಮಾರಾಯಾ. ನಿನ್ನ ಮಗ್ಳಿಗೆ ಕಾಲೇಜ್ ಫೀಸ್ ಕಟ್ಟುಕಿಲ್ಯಾ?"

"ನಂಗೆಂತಕ್ಕೆ? ಈ ತಿಂಗಳ್ ಓಡಾಡ್ದದ್ದ್ ಪೂರಾ ನೀನ್. ನಿಂಗ್ ಬೇಕಾದ್ದ್ ತಕಂಡ್ ಉಳ್ದದ್ದ್ ನಂಗ್ ಕೊಡ್."

"ಉಳ್ದದ್ದ್ ತಕಂಬುಕೆ ನಾನಿದ್ದೆ, ನೀ ಅಲ್ಲ!"

ಒಬ್ಬರು ನನ್ನ ಗಂಡ, ಕುಂದಾಪುರದ ಕೋರ್ಟಿನಲ್ಲಿ ವಕೀಲರು. ಇನ್ನೊಬ್ಬರು ಅವರ ಲಾ ಕಾಲೇಜಿನ ಕಾಲದ ಗೆಳೆಯರು. ಮೂಲ ಸಾಲಿಗ್ರಾಮದ ಕಡೆಯ ದೇವಸ್ಥಾನದ ಮನೆತನ, ಈಗ ಮನೆ ಬೈಂದೂರಿನಲ್ಲಿ. ನಾನವರನ್ನು ಕರೆಯುವುದೇ ಬೈಂದೂರಿನವರು ಎಂದು. ಇಬ್ಬರದ್ದೂ ಒಂದೇ ಆಫೀಸು. ಆಫೀಸು ಎಂದರೆ ನಮ್ಮ ಮನೆಯ ಮುಂದಿನ ಎರಡು ಕೋಣೆ ಮತ್ತು ಆ ಜಗಲಿ. ಮದುವೆಯಾಗಿ ನಾನು ಈ ಮನೆಗೆ ಬರುವ ಮೊದಲೇ ಇಬ್ಬರೂ ಸೇರಿ ಪಾಲುದಾರಿಕೆ ಸಂಸ್ಥೆಯೊಂದನ್ನು ಮಾಡಿಕೊಂಡಿದ್ದರು.

ಈ ಇಬ್ಬರು ಊರವರ ಅಣ್ಣತಮ್ಮಂದಿರ ಪಾಲುಪಟ್ಟಿ ಬರೆಯುವುದನ್ನು ನಾನು ನೋಡಿದ್ದೇನೆ. ಬಾವಿಯ ನೀರನ್ನು ಯಾರು ಯಾವ ಹೊತ್ತಿಗೆ ಸೇದಬೇಕು, ಗಡಿಯ ಹಲಸಿನ ಮರದ ಯಾವ ಕೊಂಬೆಯ ಹಣ್ಣು ಯಾರಿಗೆ, ಒಂದನ್ನೂ ಬಿಡುವವರಲ್ಲ. ಅಂಥವರು ತಮ್ಮದೇ ಪತ್ರದಲ್ಲಿ 'ಪಾಲುದಾರರ ಸಂಭಾವನೆ ಪರಸ್ಪರ ಒಪ್ಪಿದಂತೆ' ಎಂದು ಒಂದು ಸಾಲು ಬರೆದು, ಸಹಿ ಹಾಕಿ, ಹೋಳಿಗೆ ತಿಂದು ಎದ್ದಿದ್ದರು. ಒಪ್ಪಿದ್ದೇನು ಎಂದು ಆಮೇಲೆ ಇಬ್ಬರೂ ಮಾತೇ ಎತ್ತಲಿಲ್ಲ. ದುಡ್ಡಿನ ವಿಷಯದಲ್ಲಿ 'ನನಗಿಷ್ಟು' ಎಂದು ಗೆಳೆಯನ ಮುಖ ನೋಡಿ ಹೇಳುವುದಕ್ಕೆ ಇಬ್ಬರಿಗೂ ನಾಲಿಗೆ ಏಳದು. ಹಾಗಾಗಿ ತಿಂಗಳಿಗೊಮ್ಮೆ ಆ ತಿರುಗಾಮುರುಗಾ ಜಗಳ, ಜಗಳ ಮುಗಿದ ಮೇಲೆ ಕಾಫಿ.

ಆಫೀಸಿನಲ್ಲಿ ಮೂರನೆಯವಳೊಬ್ಬಳಿದ್ದಾಳೆ. ಗಂಗೊಳ್ಳಿಯ ಹುಡುಗಿ, ತಾಯಿ ಅಲ್ಲಿನ ಬಂದರಿನಲ್ಲಿ ಮೀನು ಮಾರುವವರು. ಲಾ ಮುಗಿಸಿ ಜೂನಿಯರ್ ಆಗಿ ಸೇರಲು ಬಂದ ದಿನ ಅವಳ ಹೊಸ ಕಪ್ಪು ಕೋಟಿನ ತೋಳಿನಲ್ಲಿ ಅಂಗಡಿಯ ಚೀಟಿಯ ದಾರ ಇನ್ನೂ ಜೋತಾಡುತ್ತಿತ್ತು. ಗಂಡಸರಿಬ್ಬರಿಗೂ ಕಾಣಲಿಲ್ಲ. ನಾನು ಕತ್ತರಿ ತಂದು ಕತ್ತರಿಸಿದೆ. "ಥ್ಯಾಂಕ್ಸ್ ಅಕ್ಕ" ಎಂದಳು. ಅಂದಿನಿಂದ ನಾನು ಅಕ್ಕ. ನಾನು ಓದಿದ ಕಾನ್ವೆಂಟಿನಲ್ಲೇ ಅವಳೂ ಓದಿದ್ದಳೆಂದು ಆಮೇಲೆ ತಿಳಿಯಿತು. ಊಟ ಮುಗಿಸಿದ ಮೇಲೆ ಕುರ್ಚಿಯನ್ನು ಸದ್ದಿಲ್ಲದೆ ಎತ್ತಿ ಮೇಜಿನ ಒಳಗೆ ಸರಿಸುವುದರಲ್ಲೇ ನನಗೆ ಗೊತ್ತಾಗಬೇಕಿತ್ತು. ನಮ್ಮ ಸಿಸ್ಟರುಗಳು ಪಾಠ ಮರೆತರೆ ಬಿಡುತ್ತಿದ್ದರು, ಕುರ್ಚಿ ಎಳೆದ ಸದ್ದಾದರೆ ಬಿಡುತ್ತಿರಲಿಲ್ಲ.

ಮೊದಲು ಆಫೀಸಿನ ಕೇಸುಗಳೆಲ್ಲ ಕುಂದಾಪುರದಲ್ಲೇ ನಡೆಯುತ್ತಿದ್ದವು. ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಕೋರ್ಟುಗಳಾದ ಮೇಲೆ ಕೆಲಸ ಮೂರು ಕಡೆ ಹರಡಿತು. ಇವರು ಕುಂದಾಪುರ ನೋಡಿಕೊಂಡರು, ಬೈಂದೂರಿನವರು ಬೈಂದೂರು. ಬ್ರಹ್ಮಾವರಕ್ಕೆ ಯಾರು ಎಂದು ಯಾರೂ ತೀರ್ಮಾನ ಮಾಡಲಿಲ್ಲ. ಹುಡುಗಿ ಸ್ಕೂಟರು ಹತ್ತಿ ಹೋಗತೊಡಗಿದಳು, ಅಷ್ಟೆ. ಒಂದೆರಡು ವರ್ಷದಲ್ಲಿ ಆ ಕಡೆಯ ಕಕ್ಷಿದಾರರು ನಮ್ಮ ಮನೆಗೆ ಫೋನು ಮಾಡಿದರೆ "ವಕೀಲ್ರ್ ಇದ್ರಾ?" ಎಂದು ಕೇಳುವುದು ನಿಂತು "ಮೇಡಂ ಇದ್ರಾ?" ಎಂದಾಯಿತು. ಇವರಿಗೆ ಅದರಲ್ಲಿ ಹೆಮ್ಮೆಯೇ. ಆದರೆ ತಿಂಗಳ ಕೊನೆಗೆ, ಜಗಲಿಯ ಜಗಳ ಮುಗಿದ ಮೇಲೆ, ಯಾರದೋ ಮದುವೆ ಕಾಗದದ ಹಳೆಯ ಕವರಿಗೆ ಒಂದಿಷ್ಟು ಹಾಕಿ ಅವಳ ಕೈಗೆ ಕೊಡುವುದು ಹಾಗೇ ನಡೆದಿತ್ತು. ಕವರಿನ ಮೂಲೆಯಲ್ಲಿ ಅರಿಸಿನದ ಕಲೆ. ಅವಳು ನಮ್ಮೆದುರು ಅದನ್ನು ತೆರೆದು ನೋಡಿದವಳಲ್ಲ.

ಹೀಗೆ ಸುಖವಾಗಿ ನಡೆದುಕೊಂಡು ಹೋಗುತ್ತಿದ್ದ ಮನೆಗೆ ಕಳೆದ ವರ್ಷ ಬೇಸಿಗೆಯ ಆರಂಭದಲ್ಲಿ ಆಡಿಟರು ಬಂದರು. ಬ್ರಹ್ಮಾವರದವರು, ಸಣ್ಣ ಪ್ರಾಯ, ಮೆಲುದನಿ. ಗೋಳಿಬಜೆ ಎಂದರೆ ಪ್ರಾಣ. ಒಂದೊಂದು ತಿಂದಾಗಲೂ ಒಂದೊಂದು ಬೆರಳನ್ನು ಬೇರೆಬೇರೆಯಾಗಿ ಒರೆಸಿಕೊಳ್ಳುತ್ತಾರೆ. ಆ ದಿನ ಬಜೆಯ ತಟ್ಟೆ ಇಟ್ಟರೂ ಮುಟ್ಟಲಿಲ್ಲ. ಏನೋ ದೊಡ್ಡದೇ ಇದೆ ಎಂದು ನಾನು ಬಾಗಿಲ ಬಳಿಯೇ ನಿಂತೆ.

"ಹ್ವಾಯ್, ಎಂತ ಮಾರಾಯ್ರೆ, ಮುಖ ಹಾಂಗ್ ಮಾಡ್ಕಂಡಿದ್ರಿ?" ಎಂದರು ಬೈಂದೂರಿನವರು.

"ಕಾನೂನ್ ಬದ್ಲಾಯ್ತ್ ಸರ್."

"ಮತ್ತೂ ಬದ್ಲಾಯ್ತಾ? ನಮ್ಮ ನಾನ್ನೂರಿಪ್ಪತ್ತನ್ನೇ ಕಸ್ಕಂಡ್ರ್. ಇಷ್ಟ್ ವರ್ಷ ಬಾಯಿಪಾಠ ಮಾಡಿದ ಸೆಕ್ಷನ್ ಪೂರಾ ಹೋಯ್ತ್. ಈಗ ಕಳ್ಳ ಎದ್ರಿಗ್ ನಿಂತ್ರೂ ಅವ್ನ್ ನಂಬರ್ ಎಂತ ಅಂದೇಳಿ ಪುಸ್ತಕ ಕಾಣ್ಕ್!"

"ಅದ್ ಬೇರೆ ಸರ್, ಇದ್ ತೆರಿಗೆದ್ದ್." ಆಡಿಟರು ಚೀಲದಿಂದ ಕಾಗದ ತೆಗೆಯದೆ, ಬಾಯಲ್ಲೇ ನಿಧಾನವಾಗಿ ಹೇಳಿದರು. ಪಾಲುದಾರಿಕೆ ಸಂಸ್ಥೆ ತನ್ನ ಪಾಲುದಾರರಿಗೆ ಸಂಭಾವನೆ ಕೊಡುವಾಗ, ಇನ್ನು ಮುಂದೆ ನೂರಕ್ಕೆ ಹತ್ತರಂತೆ ತೆರಿಗೆಯನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಕೂಲಿ ಕೊಡುವ ಧಣಿ ಕೂಲಿಯವನಿಂದ ಹಿಡಿದಂತೆ, ತಾವೇ ತಮ್ಮಿಂದ ಹಿಡಿಯಬೇಕು.

"ನನ್ನ ಕಿಸಿಂದ ನಾನೇ?" ಎಂದರು ಇವರು.

"ಹೌದ್ ಸರ್. ಹಿಡೂಕೆ ಎಷ್ಟ್ ಕೊಡ್ತ್ರಿ ಅಂದೇಳಿ ಗೊತ್ತಿರ್ಕ್ ಅಲ್ದಾ? ನಿಮ್ಮ ಪತ್ರದಗೆ ಇಪ್ಪುದ್ 'ಪರಸ್ಪರ ಒಪ್ಪಿದಂತೆ'. ಅದ್ಕೇ ಇಷ್ಟ್ ವರ್ಷ ಸಂಭಾವನಿ ಅಂದೇಳಿ ಒಂದ್ ರೂಪಾಯಿ ಖರ್ಚಿಗ್ ಹಿಡೂಕಾಯ್ಲಿಲ್ಲೆ. ಲಾಭ ಸಮಾ ಅರ್ಧ ಮಾಡಿ, ಸಂಸ್ಥೆ ಬಾಯಿಂದ ಜಾಸ್ತಿ ತೆರಿಗಿ ಕಟ್ಸಿದ್ರಿ. ನಾ ಹೇಳಿ ಹೇಳಿ ಸಾಕಾಯ್ತ್. ಈಗ ಖರ್ಚಿಗ್ ಹಿಡೂಕೆ ಬಿಡು ಮಿತಿನೂ ಏರ್ಸಿದ್ರ್. ಸಮಾ ಬರ್ದ್ರೆ ನಿಮ್ಗೇ ಲಾಭ. ಬರೀದಿದ್ರೆ, ಈ ಜಗಲಿಯಗೆ ಹಂಚ್ಕಂಬುದ್ ಲಾಭವಾ ಸಂಭಾವನಿಯಾ ಅಂದೇಳಿ ಯಾರಾರೂ ಕೇಂಡ್ರೆ ನಾ ಎಂತ ಹೇಳುದ್?"

ಒಬ್ಬರು ಫ್ಯಾನು ನೋಡಿದರು, ಇನ್ನೊಬ್ಬರು ಚಪ್ಪಲಿ ನೋಡಿದರು.

"ಮತ್ತೊಂದ್ ಸರ್." ಆಡಿಟರು ಇನ್ನೂ ಮೆತ್ತಗಾದರು. "ಆ ಜೂನಿಯರ್ ಮೇಡಮ್ಮಿಗೆ ಕವರಂಗೆ ಕೊಡ್ತ್ರಿ. ಅದೆಂತ ಲೆಕ್ಕ? ಸಂಬಳವಾ, ಫೀಸಾ, ಪಾಲಾ? ಮೂರಕ್ಕೂ ದಾರಿ ಬೇರೆ ಬೇರೆ. ಅವ್ರ್ ಈ ಆಫೀಸಂಗೆ ಎಂತ ಅಂದೇಳಿ ನೀವ್ ಒಂದ್ಸಲ ತೀರ್ಮಾನ ಮಾಡ್ಕ್."

ಹುಡುಗಿ ಆ ಹೊತ್ತಿಗೆ ಬ್ರಹ್ಮಾವರದಲ್ಲಿದ್ದಳು. ಪುಣ್ಯ. ವಾತಾವರಣ ತಿಳಿಮಾಡೋಣವೆಂದು ನಾನು ಕೇಳಿದೆ, "ನನ್ನನ್ನೂ ಪಾಲುದಾರಳಾಗಿ ಹಾಕಿಕೊಳ್ಳಬಹುದಾ?" ವಕೀಲರ ಸಂಸ್ಥೆಗೆ ವಕೀಲರಲ್ಲದವರು ಸೇರುವಂತಿಲ್ಲ ಎಂದು ಆಡಿಟರು ಗಂಭೀರವಾಗಿಯೇ ಉತ್ತರಿಸಿದರು. "ಅತ್ತಿಗೆಗೆ ಪಾಲ್ ಬೇಡ, ನಮ್ಗೆ ಅತ್ತಿಗೆ ಹೇಳಿದ್ದೇ ಕಾನೂನ್" ಎಂದರು ಬೈಂದೂರಿನವರು. ಆಮೇಲೆ ಗೋಳಿಬಜೆ ಖಾಲಿಯಾಯಿತು. ಹೊರಡುವ ಮುಂಚೆ ಆಡಿಟರು ಒಂದು ಉಪಾಯ ಹೇಳಿದರು: ಎದುರೆದುರು ಹೇಳಲು ಸಂಕೋಚವಾದರೆ, ಮುಂದಿನ ಶನಿವಾರ ಇಬ್ಬರೂ ತಮ್ಮ ತಮ್ಮ ಪಾಲು ಎಷ್ಟೆಂದು ಒಂದೊಂದು ಚೀಟಿಯಲ್ಲಿ ಬರೆದು ಕೊಡಲಿ, ಜೂನಿಯರಿಗೆ ಏನು ಎಂಬುದನ್ನೂ ಬರೆಯಲಿ. ತಾನು ಅವನ್ನು ಕೂಡಿಸಿ ಹೊಸ ಪತ್ರ ಮಾಡುತ್ತೇನೆ ಎಂದರು.

ಆ ವಾರ ನನ್ನ ಅಡುಗೆಮನೆ ಎಂದೂ ಇಲ್ಲದಷ್ಟು ಬಿಜಿಯಾಯಿತು. ಮೊದಲು ಬಂದದ್ದು ಹುಡುಗಿ. ಬೆಳಿಗ್ಗೆ ಬೇಗ ಬಂದು, ಮಣೆ ಎಳೆದುಕೊಂಡು ಕೂತು, ನಾನು ಬಿಡಿಸುತ್ತಿದ್ದ ಸಿಗಡಿಗೆ ಕೈ ಹಾಕಿದಳು. ಅವಳ ಬೆರಳು ನನಗಿಂತ ಚುರುಕು.

"ಅಕ್ಕ, ಬ್ರಹ್ಮಾವರದಗೆ ಒಂದ್ ಕೋಣೆ ಕಂಡಿದೆ. ಕೋರ್ಟಿನ್ ಹತ್ರವೇ, ಬೇಕರಿ ಮೇಲೆ. ಮೆಟ್ಲ್ ಹತ್ತುವಾಗ ಬನ್ನಿನ್ ವಾಸ್ನಿ ಬತ್ತ್."

ನನ್ನ ಕೈ ನಿಂತಿತು. "ನಿಂದೇ ಆಫೀಸ್ ಮಾಡುಕಾ?"

"ಹ್ಞೂಂ. ಸೋಮವಾರ ಹೇಳ್ಕ್ ಅಂದ್ರ್ ಓನರ್. ಬೇರೆಯವ್ರೂ ಕೇಂತಿದ್ರಂಬ್ರ್."

"ಇಲ್ಲ್ ಎಂತ ಬೇಜಾರಾಯ್ತ್ ಹೆಣೆ ನಿಂಗೆ?"

"ಬೇಜಾರ್ ಎಂತದೂ ಇಲ್ಲೆ ಅಕ್ಕ. ಅಬ್ಬಿ ಕೇಂತ್ರ್, ನೀ ಅಲ್ಲ್ ಎಂತ ಹೆಣೆ? ಅಂದೇಳಿ. ವಕೀಲೆ ಅಂದ್ರೆ, ಹೌದ್, ವಕೀಲೆ ಹೌದ್, ಅಲ್ಲ್ ಎಂತ? ಅಂತ್ರ್. ನಂಗ್ ಹೇಳುಕೇ ಗೊತ್ತಾತಿಲ್ಲೆ." ಅಬ್ಬಿಯ, ಅಂದರೆ ತಾಯಿಯ, ಮಾತು ಹೇಳುತ್ತ ಸಿಗಡಿಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. "ನಂಗೆ ಒಂದ್ ಬೋರ್ಡಂಗೆ ನನ್ನ ಹೆಸ್ರ್ ಬೇಕ್. ಇಲ್ಲಾರೂ ಸೈ, ಅಲ್ಲಾರೂ ಸೈ. ಇಲ್ಲೇ ಆದ್ರೆ ಒಳ್ಳೇದಿತ್ತ್. ಆದ್ರೆ ನೀವ್ ಅವ್ರಿಗ್ ಹೇಳ್ಬೇಡಿ. ಅವ್ರಿಗೇ ಕಾಣ್ಕ್."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಲಕಿತು. ಈ ಮನೆಯ ಊಟದ ಮೇಜಿನಲ್ಲಿ ಅವಳಿಲ್ಲದ ಮಧ್ಯಾಹ್ನಗಳನ್ನು ಎಣಿಸಲು ಹೋಗಿ ಬೇಡವೆಂದು ಬಿಟ್ಟೆ. ಆದರೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕಾನ್ವೆಂಟಿನಲ್ಲಿ ಕಲಿತ ಇನ್ನೊಂದು ವಿದ್ಯೆ ಅದು, ಕೊಟ್ಟ ಮಾತನ್ನು ಹಲ್ಲಿನ ಹಿಂದೆ ಇಟ್ಟುಕೊಳ್ಳುವುದು.

ಅದೇ ಸಂಜೆ ಇವರು ಬಂದರು. ಸಾಮಾನ್ಯವಾಗಿ ಅಡುಗೆಮನೆಗೆ ನೀರು ಕುಡಿಯಲು ಬಿಟ್ಟರೆ ಬರುವವರಲ್ಲ. ನಾನು ಮುಳ್ಳುಸೌತೆ ಹೆಚ್ಚುತ್ತಿದ್ದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಹಿಯಿದ್ದರೂ ಗೊತ್ತಾಗದವರಂತೆ ಜಗಿದರು.

"ನಂಗೆ ಕಮ್ಮಿ ಸಾಕ್. ಬೈಂದೂರ್ ಕೋರ್ಟ್ ಪೂರಾ ಅವ್ನ್ ಹೆಗ್ಲ್ ಮೇಲಿತ್ತ್, ಅವ ಅರ್ಧ ತಕಣ್ಕ್. ಆ ಹೆಣ್ಣನ್ನ ಪಾಲಿಗೆ ಸೇರ್ಸುವ ಅಂದೇಳಿ ನಂಗ್ ಮನ್ಸಿತ್ತ್. ಆದ್ರೆ ಅವ್ನಿಗ್ ಹೇಂಗ್ ಹೇಳುದ್? ಅವ್ನ್ ಪಾಲ್ ಕಡೂಕ್ ಹೊರಟೆ ಅಂದೇಳಿ ಗ್ರಹಿಸ್ರೆ? ನೀ ಹೇಳ್ಬೇಡ ಮತ್ತೆ."

ಮರುದಿನ ಬೈಂದೂರಿನವರು. ಮಧ್ಯಾಹ್ನ ಊಟಕ್ಕೆ ಅವರ ಜಾಗ ಕಿಟಕಿಯ ಪಕ್ಕ. ಮೀನಿನ ಬಟ್ಟಲು ಆ ತುದಿಗೆ ಹೋಗದಂತೆ ನಡುವೆ ಉಪ್ಪಿನಕಾಯಿ ಭರಣಿಯ ಗಡಿ. ಊಟ ಮುಗಿಸಿ, ಬಿಚ್ಚಿಟ್ಟ ವಾಚನ್ನು ಕಟ್ಟಿಕೊಳ್ಳುತ್ತ, ಹಿತ್ತಿಲ ನಲ್ಲಿಯ ಕಡೆಯಿಂದ ಸುತ್ತಿ ಅಡುಗೆಮನೆಯ ಕಿಟಕಿಗೆ ಬಂದರು. ನಾಚಿಕೆಯಲ್ಲಿ ಕಿಟಕಿಯ ಸರಳನ್ನು ಹಿಡಿದುಕೊಂಡಿದ್ದರು.

"ಅತ್ತಿಗೆ, ನಿಮ್ಮತ್ರ ಒಂದ್ ಮಾತ್. ಅವ್ನಿಗ್ ಹೇಳ್ಬೇಡಿ."

ಆಮೇಲೆ ಅವರು ಹೇಳಿದ್ದು ನನಗೆ ಮೊದಲೇ ಕೇಳಿದಂತಿತ್ತು. ಊರಿನ ಹೆಸರು ಮಾತ್ರ ಬದಲು. ಕುಂದಾಪುರದ ಭಾರ ಪೂರಾ ಅವನದ್ದು, ಆಫೀಸು ಅವನ ಮನೆಯಲ್ಲಿ, ದಿನಾ ಊಟ ಅವನ ಮನೆಯಲ್ಲಿ, ಅವನಿಗೆ ಅರ್ಧ ಹೋಗಲೇಬೇಕು, ತನಗೆ ಕಡಿಮೆ ಸಾಕು, ಹುಡುಗಿಯನ್ನು ಸೇರಿಸಬೇಕು, ಆದರೆ ಅವನಿಗೆ ಬೇಸರವಾದರೆ?

ನಾನು ಸಾಸಿವೆ ಸಿಡಿಯುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ನಗು ತಡೆಯುವುದು ಎಷ್ಟು ಕಷ್ಟ ಎಂದು ಚರ್ಚಿನ ಬೆಂಚಿನಲ್ಲಿ ಸಾಲಾಗಿ ಕೂತು ಕಲಿತವರಿಗೇ ಗೊತ್ತು. ಮೂರು ಜನ ಮೂರು ದಿಕ್ಕಿನಿಂದ ಬಂದು ಒಂದೇ ಕಾಗದವನ್ನು ನನ್ನೊಳಗೆ ಹಾಕಿ ಹೋಗಿದ್ದರು; ನಾನು ಬೀಗದಕೈ ಕಳೆದುಹೋದ ಅಂಚೆಪೆಟ್ಟಿಗೆಯಂತೆ ಇಡೀ ವಾರ ಮನೆಯೊಳಗೆ ಓಡಾಡಿದೆ. ನಡುನಡುವೆ ಭಯವೂ ಆಗುತ್ತಿತ್ತು. ಈ ಇಬ್ಬರ ಸಂಕೋಚದಲ್ಲಿ ಶನಿವಾರವೂ 'ಕಾಂಬ, ಮುಂದಿನ್ ತಿಂಗಳ್ ಕಾಂಬ' ಎಂದು ಕಳೆದುಹೋದರೆ, ಸೋಮವಾರ ಅವಳು ಬೇಕರಿಯ ಮೆಟ್ಟಿಲು ಹತ್ತಿಬಿಡುತ್ತಾಳೆ.

ಶನಿವಾರ ಆಡಿಟರು ಬಂದು ಲ್ಯಾಪ್‌ಟಾಪು ತೆರೆದರು. ಹುಡುಗಿಯೂ ಇದ್ದಳು, ಕಪಾಟಿನ ಹತ್ತಿರ ಫೈಲುಗಳಿಗೆ ದಾರ ಕಟ್ಟುತ್ತ. ಇವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟರು. ಬೈಂದೂರಿನವರು ಅಂಗಿಯ ಒಳಕಿಸೆಯಿಂದ ತೆಗೆದು, ಪರೀಕ್ಷೆಯ ಹುಡುಗನಂತೆ ಕೈ ಅಡ್ಡ ಹಿಡಿದು ಕೊಟ್ಟರು. ನಾನು ಕಾಫಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತೆ.

ಆಡಿಟರು ಎರಡನ್ನೂ ಓದಿದರು. ಮತ್ತೊಮ್ಮೆ ಓದಿದರು. ಚೀಟಿಯ ಹಿಂಬದಿ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಸರ್, ನೀವ್ ನಿಮ್ಗೆ ಮೂವತ್ತ್ ಬರ್ದಿದ್ರಿ. ಮೇಡಮ್ಮಿಗೆ ಇಪ್ಪತ್ತ್."

"ಹೌದ್" ಎಂದರು ಇವರು, ಗೆಳೆಯನ ಮುಖ ನೋಡದೆ.

"ಇವ್ರೂ ತಮ್ಗೆ ಮೂವತ್ತ್ ಬರ್ದಿದ್ರ್. ಮೇಡಮ್ಮಿಗೆ ಇಪ್ಪತ್ತ್."

"ಎಂತ?" ಎಂದು ಇಬ್ಬರೂ ಒಟ್ಟಿಗೇ ಎದ್ದರು.

"ಕೂಕಣಿ ಸರ್, ಕೂಕಣಿ. ಒಟ್ಟ್ ಎಂಬತ್ತಾಯ್ತ್. ನಾ ಅಣ್ಣತಮ್ಮಂದಿರ್ ಬರ್ದ ಪಾಲ್ ಕೂಡ್ಸಿ ನೂರ್ ದಾಟಿ ಹೋದದ್ದ್ ಕಂಡಿದೆ. ನೂರಕ್ಕೆ ಮುಟ್ಟದ್ದ್ ಇದೇ ಮೊದ್ಲ್. ಈಗ ಹೇಳಿ, ಉಳ್ದ ಇಪ್ಪತ್ತ್ ಯಾರದ್ದ್?"

"ಅವ್ನದ್ದ್!" ಎಂದರು ಇವರು.

"ಅಲ್ಲ, ಅವ್ನದ್ದ್!" ಎಂದರು ಬೈಂದೂರಿನವರು.

ನನ್ನ ಕೈಯ ಟ್ರೇಯಲ್ಲಿ ಬಸಿಗಳು ಕಿಣಿಕಿಣಿ ಎಂದವು. ಇನ್ನು ತಡೆಯಲಾಗದೆ ನಕ್ಕುಬಿಟ್ಟೆ. ಆಡಿಟರೂ ನಕ್ಕರು. ಜಗಲಿಯ ಹಳೆಯ ಜಗಳ ಹೊಸ ಬಿಸಿಯಲ್ಲಿ ಶುರುವಾಯಿತು: ನೀ ನನ್ನ ಕೇಣ್ದೆ ಕಮ್ಮಿ ಬರ್ದದ್ದ್ ಎಂತಕ್ಕೆ, ನೀ ಬರೀಲಿಲ್ಯಾ, ನಂದ್ ಬೇರೆ, ನಿಂದೆಂತ ಬೇರೆ. ಈ ಗದ್ದಲದ ನಡುವೆ ಕಪಾಟಿನ ಕಡೆಯಿಂದ ಫೈಲೊಂದು ಮೇಜಿನ ಮೇಲೆ ದಪ್ಪನೆ ಬಿತ್ತು. ಹುಡುಗಿ ಅದನ್ನು ಬೀಳಿಸಿರಲಿಲ್ಲ, ಇಟ್ಟಿದ್ದಳು.

"ಸರ್, ನಂಗ್ ಇಪ್ಪತ್ತ್ ಅಂದೇಳಿ ಬರ್ದ್ರಿ. ನನ್ನ ಕೇಂಡ್ರ್ಯಾ?"

ಇಬ್ಬರೂ ಅವಳ ಕಡೆ ತಿರುಗಿದರು. ಕೋರ್ಟಿನಲ್ಲಿ ಅವಳು ಹೇಗೆ ಮಾತಾಡುತ್ತಾಳೆಂದು ನಾನು ನೋಡಿದವಳಲ್ಲ, ಅಂದು ಗೊತ್ತಾಯಿತು. ದನಿ ಏರಿಸಲೇ ಇಲ್ಲ.

"ನೀವಿಬ್ರೂ ನಂಗೆ ಕೊಡ್ಕ್ ಅಂದೇಳಿ ಗ್ರಹಿಸಿದ್ದ್ ನಂಗೆ ಭಾರೀ ಖುಷಿ ಸರ್. ಸುಳ್ಳ್ ಹೇಳುದಿಲ್ಲೆ, ಈಗ ಕಣ್ಣಂಗೆ ನೀರ್ ಬಪ್ಪು ಹಾಂಗಿತ್ತ್. ಆದ್ರೆ ನಾ ಕವರ್ ತಕಂಬುದ್ ಬಿಟ್ಟ್ ಚೀಟಿ ತಕಂಬುದಾ? ಬ್ರಹ್ಮಾವರದಗೆ ನಾ ಒಂದ್ ಕೋಣೆ ಕಂಡಿದೆ. ಸೋಮವಾರ ಹೇಳ್ಕ್. ನಂದೇ ಬೋರ್ಡ್ ಹಾಕ್ವ ಅಂದೇಳಿತ್ತ್."

ಇವರ ಮುಖ ನೋಡಲಾಗಲಿಲ್ಲ. ಬೈಂದೂರಿನವರು ನನ್ನ ಕಡೆ ತಿರುಗಿ, "ಅತ್ತಿಗೆ, ನಿಮ್ಗ್ ಗೊತ್ತಿತ್ತಾ?" ಎಂದರು. ನಾನು ಕಾಫಿ ಹಂಚುವುದರಲ್ಲಿ ತುಂಬ ಮಗ್ನಳಾದೆ.

"ಹಾಂಗಾರೆ ನೀನೇ ಹೇಳ್" ಎಂದರು ಇವರು. "ಇಲ್ಲ್ ಇರುಕೆ ನಿಂಗೆ ಎಂತ ಬೇಕ್?"

ಅವಳು ಕುರ್ಚಿಯನ್ನು ಸದ್ದಿಲ್ಲದೆ ಎತ್ತಿಟ್ಟು ಕೂತಳು. ಇಷ್ಟು ವರ್ಷದಲ್ಲಿ ಆಫೀಸಿನ ಆ ಮೇಜಿಗೆ ಅವರಿಬ್ಬರ ಎದುರು ಅವಳು ಕೂತದ್ದು ಅದೇ ಮೊದಲು. ಪಕ್ಕದ ಸ್ಟೂಲು ಅವಳ ಜಾಗವಾಗಿತ್ತು.

"ಬ್ರಹ್ಮಾವರದ ಕೆಲ್ಸ ಪೂರಾ ನನ್ನ ಜವಾಬ್ದಾರಿ. ನಿಮ್ಮತ್ರ ಕೇಂತೆ, ಆದ್ರೆ ಸಹಿ ನಂದ್. ಆ ಕೋಣೆ ಆಫೀಸಿನ್ ಲೆಕ್ಕದಗೆ ಹಿಡೂದ್. ಬೋರ್ಡಂಗೆ ಮೂರೂ ಹೆಸ್ರ್ ಒಂದೇ ಅಳತಿ ಅಕ್ಷರದಗೆ, ಕೆಳ್ಗೆ ಸಣ್ಣ ಮಾಡಿ ಬರೂಕಾಗ. ಮತ್ತೆ, ನಂಗೆ ಮೂವತ್ತ್."

"ಮೂವತ್ತಾ?" ಎಂದರು ಇವರು.

"ಹೆಚ್ಚಾಯ್ತಾ ಸರ್?"

ಇವರು ಗೆಳೆಯನ ಮುಖ ನೋಡಿದರು. ಆ ವಾರದಲ್ಲಿ ಇಬ್ಬರೂ ನೇರ ಮುಖ ನೋಡಿಕೊಂಡದ್ದು ಆಗಲೇ. ಬೈಂದೂರಿನವರ ಮೀಸೆಯ ಕೆಳಗೆ ಏನೋ ಅಲುಗಿತು.

"ಕಮ್ಮಿಯಾಯ್ತ್" ಎಂದರು ಬೈಂದೂರಿನವರು. "ನಲ್ವತ್ತ್ ತಕೋ. ನಮ್ಮಿಬ್ರ್ ಚೀಟಿ ಹಾಂಗೇ ಇರ್ಲಿ, ನೂರ್ ತುಂಬಿತ್."

"ಹೌದ್ ಹೌದ್, ನಲ್ವತ್ತ್!" ಎಂದರು ಇವರು. ಕೊನೆಗೂ ಇಬ್ಬರೂ ಒಂದೇ ಪಕ್ಷ.

"ಆಗುದಿಲ್ಲೆ. ನಲ್ವತ್ತ್ ತಕಂಡ್ರೆ ನಾ ನಿಮ್ಮಿಬ್ರ್ ಸೀನಿಯರ್ ಆತೆ. ಮತ್ತೆ ಕೋರ್ಟಂಗೆ ನನ್ನ ಬ್ಯಾಗ್ ಹಿಡ್ಕಂಡ್ ಹಿಂದ್ ಬಪ್ಪುದ್ ಯಾರ್, ನೀವಾ?"

ಬೈಂದೂರಿನವರು ನಕ್ಕ ನಗುವಿಗೆ ಹೊರಗಿನ ತೆಂಗಿನ ಮರದ ಕಾಗೆ ಹಾರಿಹೋಯಿತು. ಆಡಿಟರು ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಕಾದರು. ಅವಳು ಮೂವತ್ತರಿಂದ ಅಲುಗಲಿಲ್ಲ. ಉಳಿದದ್ದನ್ನು ಇವರಿಬ್ಬರೂ ಸಮನಾಗಿ ಹಂಚಿಕೊಳ್ಳಬೇಕು, ಇನ್ನು ಜಗಲಿಯಲ್ಲಿ ಗಲಾಟೆ ಮಾಡಕೂಡದು ಎಂಬುದು ಅವಳ ಕೊನೆಯ ಷರತ್ತು. "ಮೂವತ್ತೈದ್, ಮೂವತ್ತೈದ್, ಮೂವತ್ತ್" ಎಂದು ಆಡಿಟರು ಒಂದೊಂದೇ ಕೀಲಿ ಒತ್ತಿದರು. ಸಂಭಾವನೆಗೂ ಅದೇ ಲೆಕ್ಕವೆಂದು ಬರೆದರು. 'ಪರಸ್ಪರ ಒಪ್ಪಿದಂತೆ' ಎಂಬ ಸಾಲು ಪರದೆಯಿಂದ ಅಳಿಸಿಹೋಗುವುದನ್ನು ಇಬ್ಬರೂ ಬಗ್ಗಿ ನೋಡಿದರು. ನಾನು ಒಳಗೆ ಹೋಗಿ ಹೆಸರುಬೇಳೆ ಪಾಯಸಕ್ಕೆ ಇಟ್ಟೆ. ಕೈಗೆ ಸಿಕ್ಕಿದಷ್ಟು ದ್ರಾಕ್ಷಿ ಹಾಕಿದೆ.

ಆಮೇಲಿನದ್ದು ಚಟಪಟ ನಡೆಯಿತು. ಬೇಕರಿಯ ಮೇಲಿನ ಕೋಣೆಗೆ ಫೈಲುಗಳು ರಿಕ್ಷಾದಲ್ಲಿ ಹೋದವು. ಕಿಟಕಿಗೆ ಪರದೆ ಹೊಲಿದುಕೊಟ್ಟದ್ದು ನಾನು. ಕಾನ್ವೆಂಟಿನ ಹೊಲಿಗೆ, ಹಿಂಬದಿಯಿಂದ ನೋಡಿದರೂ ಗಂಟು ಕಾಣದು. ಬೋರ್ಡು ಹಾಕುವ ದಿನ ಬೈಂದೂರಿನವರು ದಾರದ ತುಂಡು ಹಿಡಿದು ಅಕ್ಷರಗಳನ್ನು ಅಳೆದೇ ಅಳೆದರು. ಅವಳು ಈಗ ಮಧ್ಯಾಹ್ನದ ಊಟಕ್ಕೆ ಶನಿವಾರ ಮಾತ್ರ ಬರುತ್ತಾಳೆ. ಉಳಿದ ದಿನ ಮೇಜಿನ ಒಂದು ಬದಿ ಖಾಲಿ ಎಂದು ನನಗೆ ಸ್ವಲ್ಪ ಅನಿಸುತ್ತದೆ. ಬಂದ ದಿನ ಬೇಕರಿಯ ಬೆಣ್ಣೆ ಬಿಸ್ಕತ್ತು ತರುತ್ತಾಳೆ, ಇಡೀ ವಾರದ ಮಾತನ್ನು ಒಟ್ಟಿಗೆ ಆಡುತ್ತಾಳೆ. ತಿಂಗಳ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಜಗಲಿಯಲ್ಲಿ ಇಬ್ಬರೂ ಈಗಲೂ ಕೂರುತ್ತಾರೆ, ಈಗಿನ ಜಗಳ ಹೊಸ ಸೆಕ್ಷನ್ ನಂಬರುಗಳದ್ದು.

ಮೊದಲ ಸಂಭಾವನೆ ಬಂದ ಕೆಲವು ದಿನಕ್ಕೆ, ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಗೇಟು ಧಡಾರನೆ ತೆರೆಯಿತು. ಹುಡುಗಿಯ ತಾಯಿ. ತಲೆಯ ಮೇಲೆ ಮೀನಿನ ಬುಟ್ಟಿ, ಸೀರೆ ಎತ್ತಿ ಕಟ್ಟಿದ್ದು ಹಾಗೇ ಇದೆ. ಬಂದರಿನಿಂದ ನೇರ ಬಸ್ಸು ಹತ್ತಿ ಬಂದಿದ್ದಾರೆ.

"ಹ್ವಾಯ್ ವಕೀಲ್ರೆ! ಹೊರ್ಗ್ ಬನ್ನಿ ಕಾಂಬ!"

ಇವರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಂದರು. "ಎಂತ ಅಕ್ಕ, ಎಂತಾಯ್ತ್?"

"ನನ್ನ ಮಗ್ಳ್ ದುಡ್ಡ್ ಕಡ್ದ್ರಿ ಅಂಬ್ರ್! ನೂರಕ್ಕ್ ಹತ್ತ್! ಮೊಬೈಲ್ ಹಿಡ್ಕಂಡ್ ನಂಗ್ ತೋರ್ಸ್ಕಂಡ್ ನಗಾಡ್ತ್ ಅದ್. 'ಅಬ್ಬೀ, ನನ್ನ ಹೆಸ್ರಂಗೆ ಟ್ಯಾಕ್ಸ್ ಕಟ್ಟಾಯ್ತ್, ಕಾಣ್' ಅಂದೇಳಿ ಕುಣೀತ್! ದುಡ್ಡ್ ಕಡ್ದ್ರೆ ಕುಣೂದಾ? ಅದ್ಕೆ ಬುದ್ಧಿ ಇಲ್ಲೆ, ನಿಮ್ಗಾರೂ ಇಲ್ಯಾ?"

ಇವರು ಸೋಪಿನ ಬುರುಗಿನೊಳಗೇ ವಿವರಿಸಿದರು. ಇದು ತಾವು ಇಟ್ಟುಕೊಂಡದ್ದಲ್ಲ, ಸರ್ಕಾರಕ್ಕೆ ಅವಳ ಹೆಸರಿನಲ್ಲಿ ಕಟ್ಟಿದ್ದು, ವರ್ಷದ ಲೆಕ್ಕದಲ್ಲಿ ಹೆಚ್ಚಾದರೆ ಅವಳಿಗೇ ಹಿಂದೆ ಬರುತ್ತದೆ. ತಾಯಿ ಬುಟ್ಟಿ ಇಳಿಸದೆ ಕೇಳಿದರು. ಸೊಂಟದ ಮೇಲಿನ ಕೈ ಇಳಿಯಲಿಲ್ಲ.

"ಹಾಂಗಾರೆ ನಿಮ್ದ್?"

"ನಂದೂ ಕಡ್ದಿತ್ತ್ ಅಕ್ಕ."

"ಬೈಂದೂರ್ ಒಡೇರದ್ದ್?"

"ಅವ್ರದ್ದೂ."

"ಎಷ್ಟ್?"

"ಎಲ್ಲರದ್ದೂ ನೂರಕ್ಕ್ ಹತ್ತೇ. ಪಾಲುದಾರ್ರ್ ಅಂದ್ರೆ ಎಲ್ಲರಿಗೂ ಒಂದೇ ಕಾನೂನ್."

ತಾಯಿಯ ಸೊಂಟದ ಕೈ ನಿಧಾನವಾಗಿ ಇಳಿಯಿತು. ಬುಟ್ಟಿಯನ್ನು ಅಂಗಳದಲ್ಲಿಟ್ಟು, ಮೇಲಿನ ಎಲೆ ಸರಿಸಿ, ಹೊಳೆಯುವ ಅಂಜಲ್ ಮೀನೊಂದನ್ನು ಎತ್ತಿ ನನ್ನ ಕಡೆ ಹಿಡಿದರು. ದುಡ್ಡು ತರಲು ಒಳಗೆ ಹೊರಟರೆ ಗದರಿಸಿದರು. ಆಮೇಲೆ ಬುಟ್ಟಿ ತಲೆಗೇರಿಸಿಕೊಂಡು ಹೊರಟರು. ಗೇಟಿನಾಚೆ ಪಕ್ಕದ ಮನೆಯವರು ಇಷ್ಟು ಬೆಳಿಗ್ಗೆ ಏನು ಗಲಾಟೆ ಎಂದು ಕೇಳಿದ್ದು, ಅವರು ರಸ್ತೆಯಲ್ಲಿ ನಿಂತು ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತು.

"ಎಂತ ಇಲ್ಲೆ ಅಮ್ಮ. ನನ್ನ ಮಗ್ಳದ್ದ್ ಟ್ಯಾಕ್ಸ್ ಕಡ್ದ್ರಂಬ್ರ್. ಈ ವಕೀಲ್ರದ್ದೂ ಅಷ್ಟೇ, ಆ ಒಡೇರದ್ದೂ ಅಷ್ಟೇ, ನನ್ನ ಮಗ್ಳದ್ದೂ ಅಷ್ಟೇ. ಮೂರೂ ಜನಕ್ಕ್ ಒಂದೇ ಲೆಕ್ಕ ಅಂಬ್ರ್, ಕಾಣಿ!"